ಕಾಳಿ ದಂಡೆಯ ಕಪಾಟು

ಅಂಬಿಕಾನಗರ ನಾಗಝರಿ ವಿದ್ಯುದಾಗಾರದ ಕಾಲೊನಿ. ಇಲ್ಲಿ ಕೂತು ನಾ. ಡಿಸೋಜರ ‘ದ್ವೀಪ’ ಓದಿದರೆ, ಮುಳುಗಡೆಯ ಆ ಕಥೆ ಶರಾವತಿಯದಾದರೂ ಮನಸ್ಸು ಓಡುವುದು ಕಾಳಿಯ ಸೂಪಾ ಹಿನ್ನೀರಿಗೆ. ಅಲ್ಲಿ ಹಳೇ ಸೂಪಾ ಊರೇ ಮುಳುಗಿದೆ. ಲೋಕೋಪಯೋಗಿ ಇಲಾಖೆಯಲ್ಲಿದ್ದ ಡಿಸೋಜ ಮುಳುಗಡೆಯನ್ನು ಕಡತದ ಕಡೆಯಿಂದಲೂ ಕಂಡವರು.

ಇತಿಹಾಸಕ್ಕೆ ರಾಬರ್ಟ್ ಸಿವೆಲ್‌ನ ವಿಜಯನಗರ ಪುಸ್ತಕ (1900). ಅವನ ವಾದಕ್ಕಿಂತ ಕೊನೆಗೆ ಸೇರಿಸಿದ ಪೋರ್ಚುಗೀಸರ ಬರಹಗಳೇ ನನಗಿಷ್ಟ. ಅವರಲ್ಲೊಬ್ಬನಾದ ಪೇಸ್ ಕಣ್ಣಾರೆ ಕಂಡ ಪೇಟೆ, ಹಬ್ಬ!

ಇನ್ನು ವ್ಯವಹಾರ. ಮ್ಯಾನೇಜ್‌ಮೆಂಟ್ ಪುಸ್ತಕಗಳು ನನಗೆ ಒಗ್ಗಲಿಲ್ಲ. ಕಂಪನಿಯ ಒಳಗುಟ್ಟು ತಿಳಿಯಲು ಯಶವಂತ ಚಿತ್ತಾಲರ ‘ಶಿಕಾರಿ’ (1979) ಸಾಕು. ನಮ್ಮದೇ ಜಿಲ್ಲೆಯ ಹನೇಹಳ್ಳಿಯವರು, ಮುಂಬೈಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಆರೋಪ, ಸಂಶಯಗಳ ನಡುವೆ ಕಥಾನಾಯಕ ನಾಗಪ್ಪ ತತ್ತರಿಸುವುದನ್ನು ಎಷ್ಟನೇ ಸಲ ಓದಿದರೂ ಉಸಿರು ಕಟ್ಟುತ್ತದೆ.