ಸಿಎಚ್‌ಮಾಡ್ 600ಕ್ಕೆ ಸಿಕ್ಕ ಅತಿ ಮರ್ಯಾದೆ

ಶೆಲ್‌ನಲ್ಲಿ ಇಂಟಿಗ್ರೇಷನ್ ಟೆಸ್ಟ್ ಬರೆಯುವವರು ಸಿಎಚ್‌ಮಾಡ್ 600ಕ್ಕೆ ಕೊಡುವ ಮರ್ಯಾದೆ ಅತಿಯಾಯಿತು. ಒಂದು ಸಾಲಿನಲ್ಲಿ ಪಾಸ್‌ವರ್ಡನ್ನು ಫೈಲಿಗೆ ಎಕೋ ಮಾಡುತ್ತಾರೆ, ಮುಂದಿನ ಸಾಲಿನಲ್ಲಿ 600 ಹಾಕುತ್ತಾರೆ, ಕೈ ತೊಳೆದುಕೊಳ್ಳುತ್ತಾರೆ. ಆ ಎರಡು ಸಾಲುಗಳನ್ನು ನಿಧಾನವಾಗಿ ಓದಿ. ಫೈಲು ಹುಟ್ಟುವುದು ಮೊದಲ ಸಾಲಿನಲ್ಲಿ, ಯುಮಾಸ್ಕ್ ಹೇಳಿದಂತೆ. ಅದು 022 ಇದ್ದರೆ ಹುಟ್ಟುವಾಗ ಫೈಲು 644, ಅಂದರೆ ಎಲ್ಲರೂ ಓದಬಹುದು. ಆ ಗಳಿಗೆಯಲ್ಲಿ ಅದೇ ಮಷೀನಿನ ಇನ್ನೊಬ್ಬ ಅದನ್ನು ತೆರೆದಿಟ್ಟುಕೊಂಡರೆ, ಆಮೇಲೆ ಹಾಕಿದ 600 ಅವನನ್ನು ತಡೆಯದು. ಅನುಮತಿ ಕೇಳುವುದು ತೆರೆಯುವಾಗ ಮಾತ್ರ. ಸ್ಕ್ರಿಪ್ಟಿನ ತಲೆಯಲ್ಲಿ ‘ಸೆಟ್ -ಎಕ್ಸ್’ ಇದ್ದರಂತೂ ಪಾಸ್‌ವರ್ಡು ಲಾಗಿನಲ್ಲೇ ಬಿದ್ದಿರುತ್ತದೆ. ಮೊದಲೇ ಯುಮಾಸ್ಕ್ 077 ಬರೆಯಬೇಕಿತ್ತು, ಇಲ್ಲವೇ ಫೈಲನ್ನು 600 ಆಗಿಯೇ ಹುಟ್ಟಿಸುವ ಎಂಕೆಟೆಂಪ್ ಬಳಸಬೇಕಿತ್ತು.

“ಟೆಸ್ಟಿನ ಪಾಸ್‌ವರ್ಡ್ ತಾನೇ, ಹೋದರೆ ಹೋಗಲಿ” ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಅದು ಟೆಸ್ಟಿನದೇ ಎಂದು ನೋಡಿದವರು ಯಾರು? ಬರೆದವನ ಹೋಮ್‌ನಲ್ಲಿ ಗಿಟ್ ಪಾಸ್‌ವರ್ಡ್ ಬರೆದಿಡುವ ‘.ಗಿಟ್-ಕ್ರೆಡೆನ್ಷಿಯಲ್ಸ್’ ಫೈಲಿದ್ದು, ಸ್ಕ್ರಿಪ್ಟು ಹೋಮ್ ಬದಲಿಸದಿದ್ದರೆ, ಟೆಸ್ಟು ಪಾಸಾಗುವುದು ಅವನ ಅಸಲಿ ಕೀಲಿಯಿಂದಲೇ ಇರಬಹುದು. ಯಾರದೋ ಕೀಲಿಯಿಂದ ಕೆಲಸ ನಡೆಯುವುದು ಏನೆಂದು ಆಳಂದದವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಇಲ್ಲಿ ಮತದಾರರ ಹೆಸರು ತೆಗೆಯಲು ಆನ್‌ಲೈನಿನಲ್ಲಿ ಬಂದ 6,018 ಅರ್ಜಿಗಳಲ್ಲಿ, ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24. ತಮ್ಮ ಹೆಸರಿನಲ್ಲಿ ಅರ್ಜಿ ಹೋದದ್ದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಕೀಲಿ ತಿರುಗಿತೇ ಎಂದಷ್ಟೇ ಕೇಳಿ, ಯಾರದೆಂದು ಕೇಳದ ವ್ಯವಸ್ಥೆ ಅದಾಗಿತ್ತು. ನಮ್ಮ ಟೆಸ್ಟುಗಳೂ ಹಾಗೆಯೇ.

ಗಿಟ್‌ನ ಸ್ವಂತ ಟೆಸ್ಟುಗಳೂ ಶೆಲ್‌ನವೇ. ಅವುಗಳನ್ನು ಹೊಗಳುವವರು ಕಡಿಮೆ. ಅಲ್ಲಿ ಪ್ರತಿ ಸ್ಕ್ರಿಪ್ಟಿಗೂ ಬೇರೆ ಕಸದ ಡೈರೆಕ್ಟರಿ, ಹೋಮ್ ಎಂದರೆ ಅದೇ. ಗಿಟ್‌ನ ‘ಸ್ಟೋರ್’ ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ಬರೆದಿಡುವುದು ದೋಷವೇ, ಆದರೆ ಟೆಸ್ಟಿನ ದೋಷವಲ್ಲ. ಆ ‘ಸ್ಟೋರ್’ ಅನ್ನು ಪರೀಕ್ಷಿಸುವ ಟಿ0302 ಸ್ಕ್ರಿಪ್ಟಿನಲ್ಲಿ ಒಂದು ಫೈಲಿನ ಓದುವ ಅನುಮತಿ ಕಿತ್ತು, ಪಾಸ್‌ವರ್ಡು ಇನ್ನೊಂದರಿಂದ ಬರುತ್ತದೆಯೇ ಎಂದು ನೋಡುತ್ತಾರೆ. ರೂಟ್ ಆಗಿ ಓಡಿಸಿದರೆ ಆ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ, ರೂಟ್‌ಗೆ ಅನುಮತಿಯ ತಡೆಯೇ ಇಲ್ಲವಲ್ಲ! ಕಂಟೇನರಿನಲ್ಲಿ ರೂಟ್ ಆಗಿ ಓಡಿಸಿ “600 ಪರೀಕ್ಷಿಸಿದ್ದೇವೆ” ಎನ್ನುವವರು ಇದೊಂದನ್ನಾದರೂ ಓದಬೇಕು.

ಇದನ್ನು ಬರೆಯುವ ಮುಂಚೆ ನನ್ನ ಹೋಮ್‌ನ ‘.ಗಿಟ್-ಕ್ರೆಡೆನ್ಷಿಯಲ್ಸ್’ ಫೈಲಿಗೆ ಬೇರೆ ಹೆಸರಿಟ್ಟು ನಮ್ಮದೇ ಟೆಸ್ಟು ಓಡಿಸಿದೆ. ಎರಡು ವರ್ಷ ಹಸಿರಾಗಿದ್ದದ್ದು ಮೊದಲ ಸಲ ಕೆಂಪಾಯಿತು.