ಬಿಡುಗಡೆಯ ಮರುದಿನ

ಕನ್ನಡದಲ್ಲಿ ತಂತ್ರಾಂಶದ ಬಗ್ಗೆ ಬಂದ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾವು ಅಕ್ಷರಗಳ ಅಂದಚೆಂದದ ಬಗ್ಗೆ ಬರೆದಿದ್ದೇವೆ, ಕೀಲಿಮಣೆಗಾಗಿ ಜಗಳವಾಡಿದ್ದೇವೆ, 'ಬರಹ' ಹೆಚ್ಚೋ 'ನುಡಿ' ಹೆಚ್ಚೋ ಎಂದು ವಾದಿಸಿದ್ದೇವೆ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ತಮ್ಮ ಕೊನೆಯ ವರ್ಷಗಳಲ್ಲಿ ಈ ಚರ್ಚೆಗೆ ಇಳಿದಿದ್ದರು. ಅದೆಲ್ಲ ಬೇಕಾಗಿದ್ದ ಕೆಲಸವೇ. ಆದರೆ ತಂತ್ರಾಂಶ ಬಿಡುಗಡೆಯಾದ ಮರುದಿನ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆ ನಮ್ಮ ಬರವಣಿಗೆಯಲ್ಲಿ ತೀರಾ ಕಡಿಮೆ. ಹಾರ, ಶಾಲು, ಭಾಷಣ ಮುಗಿದ ಮೇಲೆ ಸಭಾಂಗಣಕ್ಕೆ ಬೀಗ ಬೀಳುತ್ತದೆ.

ಸಮೀರವಾಡಿಯ ಕಡೆಯವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋದಾವರಿ ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಹಂಗಾಮು ಮುಗಿಯಿತೆಂದರೆ ಸಕ್ಕರೆ ಕಾರ್ಖಾನೆಯ ಕೆಲಸ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ನಿಜವಾಗಿ ಆಗ ಇನ್ನೊಂದು ಕೆಲಸ ಶುರುವಾಗುತ್ತದೆ. ಕಬ್ಬು ಅರೆಯುವ ರೋಲರುಗಳನ್ನು ಇಳಿಸಿ ಸವೆದ ಹಲ್ಲುಗಳನ್ನು ಮತ್ತೆ ಕೊರೆಯುತ್ತಾರೆ, ಬಾಯ್ಲರಿನ ಕೊಳವೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ, ರಸ ಕುದಿಸುವ ಪಾತ್ರೆಗಳಲ್ಲಿ ಕಟ್ಟಿದ ಗಟ್ಟಿ ಪದರವನ್ನು ಕೆರೆದು ತೆಗೆಯುತ್ತಾರೆ. ಆ ತಿಂಗಳುಗಳಲ್ಲಿ ಒಂದು ಹರಳು ಸಕ್ಕರೆಯೂ ಹೊರಬರುವುದಿಲ್ಲ. ಹಾಗೆಂದು ಫಿಟ್ಟರು ಕೆಲಸವಿಲ್ಲದೆ ಕುಳಿತಿದ್ದಾನೆ ಎಂದು ಯಾರಾದರೂ ಹೇಳುತ್ತಾರೆಯೇ?

ಮುಕ್ತ ತಂತ್ರಾಂಶದ ಲೋಕದಲ್ಲಿ ಈ ಫಿಟ್ಟರನ ಕೆಲಸಕ್ಕೆ ಬಿಲ್ಡ್ ಸಿಸ್ಟಮಿನ ಪಾಲನೆ ಎಂದು ಹೆಸರು. ಲಿನಕ್ಸಿನಂಥ ಕಾರ್ಯಾಚರಣ ವ್ಯವಸ್ಥೆಯನ್ನು ಮನುಷ್ಯರು ಬರೆಯುವುದು ಸಾವಿರಾರು ಕಡತಗಳಲ್ಲಿ. ಅದು ಕಬ್ಬು, ಸಕ್ಕರೆಯಲ್ಲ. ಯಂತ್ರ ಅದನ್ನು ಹಾಗೆಯೇ ನಡೆಸಲಾರದು. ಯಾವ ಕಡತವನ್ನು ಮೊದಲು ಕಂಪೈಲರಿಗೆ ಕೊಡಬೇಕು, ಯಾವುದು ಯಾವುದನ್ನು ಅವಲಂಬಿಸಿದೆ, ಒಂದು ಸಾಲು ಬದಲಾದರೆ ಎಷ್ಟನ್ನು ಮತ್ತೆ ಕಟ್ಟಬೇಕು ಎಂಬುದನ್ನೆಲ್ಲ ಬರೆದಿಟ್ಟು ನಡೆಸುವ ಏರ್ಪಾಡು ಇದು. ಇದಕ್ಕಾಗಿ 'ಮೇಕ್' ಎಂಬ ಸಾಧನವನ್ನು 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಅದರ ಸೂಚನಾ ಕಡತದಲ್ಲಿ ಆದೇಶದ ಸಾಲಿನ ಮೊದಲು ಟ್ಯಾಬ್ ಒತ್ತಲೇಬೇಕು, ಬರೀ ಖಾಲಿ ಜಾಗ ಬಿಟ್ಟರೆ ಕೆಲಸ ಕೆಡುತ್ತದೆ. ಇದು ಸರಿಯಲ್ಲವೆಂದು ಫೆಲ್ಡ್‌ಮನ್ನರಿಗೆ ಬೇಗನೆ ಗೊತ್ತಾಯಿತಂತೆ. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಗೆಳೆಯರು ಬಳಸಲು ತೊಡಗಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಅಂದಿನ ದಾಕ್ಷಿಣ್ಯಕ್ಕೆ ಜಗತ್ತು ಇಂದಿಗೂ ಟ್ಯಾಬ್ ಒತ್ತುತ್ತಿದೆ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರು ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. 2003ರ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಕೇದಗೆ', 'ಮಲ್ಲಿಗೆ' ಎಂಬ ಅಕ್ಷರಗಳು ರೂಪುಗೊಂಡು ಮುಕ್ತ ಪರವಾನಗಿಯಡಿ ಹೊರಬಂದವು. ಆಮೇಲೆ 'ಗುಬ್ಬಿ', 'ನವಿಲು' ಬಂದವು. ಇಂಥ ಅಕ್ಷರಗಳು ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯ ಭಂಡಾರ ಸೇರಿ ಹಲವು ಬದಲಾವಣೆಗಳನ್ನು ದಾಟಿ ಬಂದಿವೆ. ಕಂಪೈಲರು ಬದಲಾಗುತ್ತದೆ, ನಿಯಮ ಬದಲಾಗುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಆ ಪೊಟ್ಟಣವನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕಟ್ಟಿಟ್ಟಿದ್ದಾರೆ. ಅವರಲ್ಲಿ ಹಲವರಿಗೆ ಕನ್ನಡ ಓದಲು ಬರುತ್ತಿದ್ದಿರಲಾರದು.

ಇನ್ನೊಂದು ಉದಾಹರಣೆ ನಮ್ಮದೇ. ಇಪ್ಪತ್ತು ವರ್ಷಗಳ ಹಿಂದೆ ಆಗ ಚಾಲ್ತಿಯಲ್ಲಿದ್ದ ಒಂದು ತಂತ್ರಾಂಶದಲ್ಲಿ ನಾವು ಬೆರಳಚ್ಚು ಮಾಡಿಟ್ಟ ಕತೆಗಳನ್ನು ಈಗ ತೆರೆದರೆ ಒತ್ತಕ್ಷರಗಳ ಜಾಗದಲ್ಲಿ ಡಾಲರ್ ಚಿಹ್ನೆ, ಆವರಣ, ಅಲ್ಪವಿರಾಮ. ಉರ್ದುವಿನಲ್ಲಿ ಬರೆದವುಗಳ ಗತಿಯೂ ಅದೇ. ನಸ್ತಾಲೀಕಿನ ಚೆಲುವಿಗೆ ಮರುಳಾಗಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟ ಬರಹ, ಕೀಲಿ ಬೇರೆಯವರ ಕೈಯಲ್ಲಿ. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು ಎಂಬುದನ್ನು ನೆನೆದರೆ ಸಂಕಟ ಹೆಚ್ಚುತ್ತದೆ.

ಹಾಗಾದರೆ ಮುಕ್ತ ತಂತ್ರಾಂಶವೇ ಪರಿಹಾರ, 'ಸಮುದಾಯ' ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ಅದರ ಅಭಿಮಾನಿಗಳು ಹೇಳುತ್ತಾರೆ. ನಮ್ಮ ತಕರಾರು ಇರುವುದು ಈ ಮಾತಿನ ಬಗ್ಗೆಯೇ. 'ಸಮುದಾಯ' ಎಂಬುದು ಬಹಳ ಆರಾಮದ ಶಬ್ದ. ಅದರ ಮರೆಯಲ್ಲಿ ಒಬ್ಬ ದಣಿದ ಮನುಷ್ಯ ಇರುವುದು ಕಾಣದೇ ಹೋಗುತ್ತದೆ. 2024ರ 'ಎಕ್ಸ್‌ಝೆಡ್' ಪ್ರಕರಣವನ್ನೇ ನೋಡಿ. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶ ಲಿನಕ್ಸ್ ಯಂತ್ರಗಳಲ್ಲೆಲ್ಲ ಇದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಬಹುತೇಕ ಒಬ್ಬರೇ, ಅದೂ ಸಂಬಳವಿಲ್ಲದೆ. ಯಾಕಿಷ್ಟು ತಡ ಎಂದು ಅವರನ್ನು ಹೆಸರು ಮರೆಸಿದವರು ಚುಚ್ಚುತ್ತಿದ್ದರು. ಅದೇ ಹೊತ್ತಿಗೆ 'ಜಿಯಾ ಟಾನ್' ಎಂಬ ಹೆಸರಿನ ಸಹಾಯಕ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ. ಕೊನೆಗೆ ಯಂತ್ರಗಳೊಳಗೆ ನುಗ್ಗಲು ಕಳ್ಳದಾರಿಯೊಂದನ್ನು ಸೇರಿಸಿದ.

ಎಲ್ಲಿ ಸೇರಿಸಿದ ಎಂಬುದು ಮುಖ್ಯ. ಎಲ್ಲರೂ ಓದುವ ಮೂಲದಲ್ಲಿ ಅದನ್ನು ಎಬ್ಬಿಸುವ ಸಾಲುಗಳು ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಪೊಟ್ಟಣದ ಬಿಲ್ಡ್ ಕಡತದಲ್ಲಿ, ಯಾರೂ ಕಣ್ಣು ಹಾಯಿಸದ ಕಡೆ ಇದ್ದವು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಲೆ ಕೆಡಿಸಿಕೊಂಡದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅರ್ಧ ಸೆಕೆಂಡು!

ಮೂಲ ಶುದ್ಧವಾಗಿದ್ದರೂ ಅದನ್ನು ಕಟ್ಟುವ ಸಾಧನ ಕೆಟ್ಟಿದ್ದರೆ ನಂಬುವುದು ಹೇಗೆ ಎಂದು ಕೆನ್ ಥಾಂಪ್ಸನ್ 1984ರಲ್ಲೇ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಎಚ್ಚರಿಸಿದ್ದರು. ಡೆಬಿಯನ್ನಿನವರು ಇದಕ್ಕೆ 2013ರಿಂದ ಒಂದು ಉತ್ತರ ಹುಡುಕುತ್ತಿದ್ದಾರೆ. ಒಂದೇ ಮೂಲವನ್ನು ಇಬ್ಬರು ಬೇರೆ ಬೇರೆ ಕಡೆ ಕುಳಿತು ಕಟ್ಟಿದರೂ ಫಲ ಅಕ್ಷರಶಃ ಒಂದೇ ಆಗಿರಬೇಕು, ವ್ಯತ್ಯಾಸ ಬಂದರೆ ಯಾಕೆಂದು ಕೇಳಬೇಕು. ನಮ್ಮ ಹಳೆಯ ಮದರಸಾಗಳಿಗೆ ಇದು ಪರಿಚಿತ ಪದ್ಧತಿ. ಕಾತಿಬ ನಕಲು ಮಾಡಿದ ಪ್ರತಿಯನ್ನು ಮೂಲದ ಎದುರು ಇಟ್ಟು ಓದುವುದಕ್ಕೆ ಮುಕಾಬಲಾ ಎನ್ನುತ್ತಿದ್ದರು. ಆ ಓದು ಆಗದ ಪ್ರತಿಗೆ ವಿದ್ವಾಂಸರು ಬೆಲೆ ಕೊಡುತ್ತಿರಲಿಲ್ಲ.

ಸರ್ಕಾರ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಕಾಸರಗೋಡು ಹತ್ತಿರದ ಸಾಕ್ಷಿ. ಕೇರಳದ ಶಾಲೆಗಳಿಗೆಂದೇ ಅಲ್ಲಿನ 'ಕೈಟ್' ಸಂಸ್ಥೆ ಲಿನಕ್ಸ್ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ ಕೊಡುತ್ತದೆ. ಗಡಿಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಅವರಿಗೆ ಕನ್ನಡದಲ್ಲೇ ಪಠ್ಯವಿದೆ. ಹೊಸ ಆವೃತ್ತಿ ಬಂದಾಗ ಬದಲಿಸುವುದು ಅಲ್ಲಿ ಯಾರದೋ ಸಂಬಳದ ಕೆಲಸ. ಇದನ್ನು ಮೆಚ್ಚಲೇಬೇಕು. ಆದರೂ ಒಂದು ಮಾತು ಉಳಿಯುತ್ತದೆ. ಆ ವ್ಯವಸ್ಥೆ ಉಬುಂಟುವಿನ ಮೇಲೆ ನಿಂತಿದೆ, ಉಬುಂಟು ಡೆಬಿಯನ್ನಿನ ಮೇಲೆ, ಡೆಬಿಯನ್ ಸ್ವಯಂಸೇವಕರ ಬಿಡುವಿನ ಸಂಜೆಗಳ ಮೇಲೆ. ಕುಂಬಳೆಯ ಹುಡುಗಿ 'ಕ' ಒತ್ತಿದಾಗ ತೆರೆಯ ಮೇಲೆ 'ಕ' ಮೂಡುವುದರ ಹಿಂದೆ ಆ ಸಂಜೆಗಳಿವೆ.

ಕನ್ನಡದ ಸಂಸ್ಥೆಗಳು ಹೊಸ ತಂತ್ರಾಂಶಕ್ಕೆ ಹಣ ಕೇಳುವಾಗ ಹಳೆಯದನ್ನು ಕಟ್ಟಿಡಲು ಒಬ್ಬರ ಹುದ್ದೆಯನ್ನೂ ಕೇಳಲಿ ಎನ್ನುವುದು ನಮ್ಮ ಅಭಿಪ್ರಾಯ. ದೊಡ್ಡವರ ಮನೆಯಲ್ಲೂ ಈ ಹುದ್ದೆಗೆ ಜನ ಸಿಗುವುದು ಸುಲಭವಲ್ಲ. ಲಿನಕ್ಸಿನ ತಿರುಳನ್ನು ಕಟ್ಟುವ 'ಕೆಬಿಲ್ಡ್' ವ್ಯವಸ್ಥೆಯನ್ನು ಮಸಾಹಿರೋ ಯಮಾದಾ 2017ರಿಂದ ಎಂಟು ವರ್ಷ ನೋಡಿಕೊಂಡು 2025ರಲ್ಲಿ ಕೆಳಗಿಳಿದರು. ಅದನ್ನು ವಹಿಸಿಕೊಳ್ಳಲು ಇಬ್ಬರು ಮುಂದೆ ಬಂದರು. ಅವರೇ ನೋಡುತ್ತಿದ್ದ 'ಕೆಕಾನ್ಫಿಗ್' ಎಂಬ ಇನ್ನೊಂದು ಭಾಗಕ್ಕೆ ಆಗ ಯಾರೂ ಬರಲಿಲ್ಲ. ಪಾಲಕರ ಪಟ್ಟಿಯಲ್ಲಿ ಅದರ ಮುಂದೆ 'ಅನಾಥ' ಎಂದು ಬರೆಯಲಾಯಿತು.