ಶಾಲೆಯ ಸಂಗೀತಪಾಠ ಮತ್ತು ವಚನಗಳ ಆಯ್ಕೆ

ಶಾಲೆಗಳಲ್ಲಿ ವಚನಗಾಯನವು ಬಹುಮಟ್ಟಿಗೆ ಬಸವ ಜಯಂತಿಯಂತಹ ಸಮಾರಂಭಗಳಿಗೆ ಸಿದ್ಧಪಡಿಸುವ ಹಾಡಾಗಿ ಉಳಿದಿದೆ. ಅಲ್ಲಿ ಮಟ್ಟಿನ ಸುಲಭತೆ ಹಾಗೂ ಸಭಿಕರ ಮೆಚ್ಚುಗೆಗಳೇ ಆಯ್ಕೆಗೆ ಆಧಾರವಾಗುತ್ತವೆ. ವಿದ್ಯಾರ್ಥಿಗಳಲ್ಲಿ ಸಂಗೀತ ಸಂಸ್ಕಾರವನ್ನು ಬೆಳೆಸುವುದು ಉದ್ದೇಶವಾದಲ್ಲಿ ಈ ಅಳತೆಗೋಲು ಸಾಲದು. ನಾದದ ಮೂಲಕ ಮಾತಿನ ಅರ್ಥವು ಮಗುವಿಗೆ ಎಷ್ಟು ತೆರೆಯಿತೆಂಬುದೇ ಆಯ್ಕೆಯ ಒರೆಗಲ್ಲಾಗಬೇಕು.

ಶರಣ ಸಾಹಿತ್ಯದಲ್ಲಿ ವಚನ, ಸ್ವರವಚನವೆಂಬ ಎರಡು ಪ್ರಕಾರಗಳಿವೆ. ವಚನಕ್ಕೆ ನಿಯತವಾದ ಛಂದಸ್ಸಿಲ್ಲ. ಅದರ ಲಯವು ಮಾತಿನ ಲಯ. ಅದನ್ನು ಚುರುಕಾದ ತಾಳಕ್ಕೆ ಬಲವಂತವಾಗಿ ಹೊಂದಿಸಿದರೆ ಪದಗಳು ನಡುವೆಯೇ ತುಂಡಾಗುತ್ತವೆ. ಇಡೀ ಅನುಭಾವವು ನೆಲೆಗೊಳ್ಳುವ ತಾಣವಾದ ಅಂಕಿತವು ಬರಿಯ ಹಾಡಿನ ಬಾಲವಾಗುತ್ತದೆ. ಸ್ವರವಚನವಾದರೋ ಪಲ್ಲವಿ, ನುಡಿಗಳಿಂದ ಕೂಡಿ ಹಾಡುವುದಕ್ಕಾಗಿಯೇ ಹುಟ್ಟಿದ್ದು. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿ, ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿ ಈ ಗೇಯ ಪರಂಪರೆಯನ್ನೇ ಮುಂದುವರಿಸಿದ ಕೃತಿಗಳು.

ಹಾಗೆಂದು ಸ್ವರವಚನಗಳೆಲ್ಲವೂ ಮಕ್ಕಳಿಗೆ ಸುಲಭವೆಂದು ಭಾವಿಸಲಾಗದು. ಹಾಡಲು ಸುಗಮವಾದದ್ದು ಅನೇಕ ವೇಳೆ ಯೋಗದ ಪರಿಭಾಷೆಯಿಂದ ಅರ್ಥದಲ್ಲಿ ಗಹನವಾಗಿರುತ್ತದೆ. ಅರ್ಥದಲ್ಲಿ ತಿಳಿಯಾದ ವಚನವು ಹಾಡಲು ಕಠಿಣವಾಗಿರುತ್ತದೆ. ಅಧ್ಯಾಪಕನ ವಿವೇಕವು ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಕೆಳತರಗತಿಗಳಲ್ಲಿ ತಿಳಿಯಾದ ಚಿತ್ರಗಳುಳ್ಳ ಗೇಯಪದಗಳನ್ನು ಆರಿಸಿ ಹಾಡಿಸುವುದು ಯುಕ್ತ. ವಚನವನ್ನಾದರೆ ಮೊದಲು ಗಟ್ಟಿಯಾಗಿ ಓದಿಸಿ, ಉಸಿರು ನಿಲ್ಲುವ ಎಡೆಗಳನ್ನು ಗುರುತಿಸಿ, ಅನಂತರವೇ ವಿಳಂಬ ಗತಿಯಲ್ಲಿ ರಾಗಕ್ಕೆ ಅಳವಡಿಸಬೇಕು.

ಹಾಡುವಷ್ಟೇ ಮುಖ್ಯವಾದುದು ಕೇಳುವಿಕೆ. ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನದ ಧ್ವನಿಮುದ್ರಿಕೆಗಳು ಇದಕ್ಕೆ ಉತ್ತಮ ಪಾಠ. ಜೈಪುರ-ಅತ್ರೌಲಿ ಘರಾಣೆಯ ಪ್ರೌಢಿಮೆಯುಳ್ಳ ಆ ಗಾಯನದಲ್ಲಿ ರಾಗವು ಮಾತನ್ನು ನುಂಗುವುದಿಲ್ಲ, ಬೆಳಗುತ್ತದೆ. ಒಂದೇ ವಚನವನ್ನು ಸಿನಿಮಾ ಮಟ್ಟಿನಲ್ಲಿಯೂ ಶಾಸ್ತ್ರೀಯ ರಾಗದಲ್ಲಿಯೂ ಕೇಳಿಸಿ, ಅರ್ಥವು ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು. ರಸವಿವೇಕವು ಉಪದೇಶದಿಂದಲ್ಲ, ಇಂತಹ ಹೋಲಿಕೆಯಿಂದ ಮೂಡುತ್ತದೆ.

ಸಂಗೀತಶಿಕ್ಷಣವು ಈ ಪರಂಪರೆಗೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪಾಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾಗಿ, ಅಂಧರಿಗೂ ಅನಾಥರಿಗೂ ನಾದವಿದ್ಯೆಯನ್ನು ಧಾರೆಯೆರೆದರು. ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಕಾಯಕವನ್ನು ಮುಂದುವರಿಸಿದರು. ಅಲ್ಲಿ ಸಂಗೀತವು ಸಮಾರಂಭದ ಅಲಂಕಾರವಾಗಿರಲಿಲ್ಲ, ಬಾಳಿನ ಸಾಧನೆಯಾಗಿತ್ತು. ಶಾಲೆಯ ಅಲ್ಪಾವಧಿಯಲ್ಲಿ ಅಷ್ಟು ಸಾಧಿಸಲಾಗದಿದ್ದರೂ, ವರ್ಷಕ್ಕೆ ಇಪ್ಪತ್ತು ಹಾಡುಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಐದನ್ನು ಅರ್ಥಸಹಿತವಾಗಿ ಕಲಿಸುವುದು ಆ ದಾರಿಗೆ ಹತ್ತಿರವಾದುದು.